ಬುರುಜಿನ ದಾರಿಯಲ್ಲಿ ತಪ್ಪಿಸಿಕೊಂಡ ಮೇಕೆ

ಕೊರ್ಸಿಕಾ ದ್ವೀಪದ ಉತ್ತರದ ತುದಿಯಲ್ಲಿರುವ ನಮ್ಮ ಲೋರಿನಾದ ಗಂಡಸರು ಸುಮ್ಮನೆ ನಡೆಯುವವರಲ್ಲ. ನಡೆಯುವುದಕ್ಕೆ ಒಂದು ಕಾರಣ ಬೇಕು. ಹೆಗಲ ಮೇಲೆ ಬಂದೂಕಿದ್ದರೆ ಬೇಟೆಗೆ ಹೊರಟಿದ್ದಾನೆ, ಕೈಯಲ್ಲಿ ಹಗ್ಗವಿದ್ದರೆ ದನವನ್ನೋ ಮೇಕೆಯನ್ನೋ ಹುಡುಕುತ್ತಿದ್ದಾನೆ, ಕಪ್ಪು ಕೋಟು ತೊಟ್ಟಿದ್ದರೆ ಯಾರೋ ತೀರಿಕೊಂಡಿದ್ದಾರೆ. ಇದ್ಯಾವುದೂ ಇಲ್ಲದೆ ಕೈ ಬೀಸಿಕೊಂಡು ಹೋಗುವವನು ಹೊರಗಿನ ಪ್ರವಾಸಿಯಾಗಿರಬೇಕು, ಇಲ್ಲವೇ ಹೆಂಡತಿಯ ಹತ್ತಿರ ಬೈಸಿಕೊಂಡು ಹೊರಬಿದ್ದವನಾಗಿರಬೇಕು. ಪ್ರವಾಸಿಗಳೇನೋ ವಸಂತದಿಂದ ಶುರುಮಾಡಿ ಎರಡೆರಡು ಕೋಲು ಊರಿಕೊಂಡು, ಕಡಲಂಚಿನ ಸುಂಕದವರ ದಾರಿ ಹಿಡಿದು, ಹಿಂದೆ ದ್ವೀಪವನ್ನಾಳಿದ ಜಿನೋವಾದವರು ಕಟ್ಟಿಸಿದ ಕಾವಲು ಬುರುಜಿನ ತನಕ ಬೆವರು ಸುರಿಸುತ್ತ ಹೋಗುತ್ತಾರೆ, ಸುಸ್ತಾಗಿ ವಾಪಸ್ಸು ಬರುತ್ತಾರೆ. ಇಗರ್ಜಿಯ ಮುಂದಿನ ಕಲ್ಲುಕಟ್ಟೆಯ ಮೇಲೆ ಕೂತ ನಮ್ಮವರು ಅವರನ್ನು ನೋಡಿ ಮರುಕಪಡುತ್ತಾರೆ.

ಅಂಬ್ರೋಜು ಆ ಕಟ್ಟೆಯ ಹಿರಿಯ ಸದಸ್ಯ. ಅಂಚೆಯ ಹಳದಿ ವ್ಯಾನು ಓಡಿಸಿ ನಿವೃತ್ತನಾದವನು. ಕೇಪ್ ಎನ್ನುವ ನಮ್ಮ ಭೂಶಿರದ ಸುತ್ತಿನ ರಸ್ತೆಯ ಒಂದೊಂದು ತಿರುವೂ ಅವನಿಗೆ ಬಾಯಿಪಾಠ. ಆದರೆ ಆ ರಸ್ತೆಯನ್ನು ಅವನ ಕಾಲು ಮುಟ್ಟಿದ್ದು ಕಡಿಮೆ. ಮನೆ ಮನೆಯ ಮುಂದೆ ನಿಲ್ಲಿಸಿ ಹಾರನ್ ಒತ್ತುತ್ತಿದ್ದ, ಜನ ತಾವೇ ಬಂದು ಕಾಗದ ಇಸಿದುಕೊಳ್ಳುತ್ತಿದ್ದರು. ನಿವೃತ್ತಿಯ ನಂತರವೂ ಹಳೆಯ ಚಾಳಿ ಬಿಡಲಿಲ್ಲ. ಬೆಳಿಗ್ಗೆ ಬ್ರೆಡ್ಡಿನ ಗಾಡಿ ಕಟ್ಟೆಯ ಹತ್ತಿರ ಬಂದು ನಿಂತರೆ ಅಲ್ಲಿಗೂ ಕಾರಿನಲ್ಲೇ ಹೋಗುತ್ತಿದ್ದ. ಕಾರು ತಿರುಗಿಸುವುದಕ್ಕೆ ಜಾಗವಿಲ್ಲದೆ ಹಿಂದಕ್ಕೆ ಓಡಿಸಿಕೊಂಡೇ ಮನೆ ಸೇರುತ್ತಿದ್ದ. ಅವನ ಹೆಂಡತಿ ದೇವೋತಾ ಇದನ್ನು ನೋಡಿ ಏನೂ ಅನ್ನುತ್ತಿರಲಿಲ್ಲ. ಅವಳು ಸಾಮಾನ್ಯವಾಗಿ ಏನೂ ಅನ್ನುವವಳಲ್ಲ, ಅದೇ ಅವನಿಗೆ ದೊಡ್ಡ ಭಯ.

ಇಂಥವನ ಎದೆ ಆ ಫೆಬ್ರುವರಿಯಲ್ಲಿ ಮೆಟ್ಟಿಲು ಹತ್ತುವಾಗ ಹಿಡಿದುಕೊಂಡಿತು. ಬಾಸ್ತಿಯಾ ಪಟ್ಟಣದ ಡಾಕ್ಟರಮ್ಮ, ಇನ್ನೂ ಸಣ್ಣ ವಯಸ್ಸಿನವಳು, ಎಲ್ಲ ಪರೀಕ್ಷೆ ಮುಗಿಸಿ ಕನ್ನಡಕ ತೆಗೆದಿಟ್ಟು ಹೇಳಿದಳು.

"ದಿನಾ ಒಂದು ಗಂಟೆ ನಡೀಬೇಕು ನೀವು."

"ಅದಕ್ಕೆ ಮಾತ್ರೆ ಇಲ್ವಾ ಡಾಕ್ಟ್ರೇ?"

"ಮಾತ್ರೇನೂ ಕೊಡ್ತೀನಿ. ನಡೀದೆ ಬರೀ ಮಾತ್ರೆ ನುಂಗಿದ್ರೆ ಮುಂದಿನ ಚಳಿಗಾಲ ನೋಡೋದು ಕಷ್ಟ."

"ಎಲ್ಲಿಗೆ ಅಂತ ನಡೀಲಿ?"

"ಎಲ್ಲಿಗಾದ್ರೂ ನಡೀರಿ."

"ಎಲ್ಲಿಗಾದ್ರೂ ಅಂದ್ರೆ ಹೇಗೆ? ಯಾರಾದ್ರೂ ಎಲ್ಲಿಗೆ ಹೊರಟೆ ಅಂತ ಕೇಳ್ತಾರಲ್ಲ."

ಡಾಕ್ಟರಮ್ಮನಿಗೆ ಆ ಕಷ್ಟ ಅರ್ಥವಾಗಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು.

ಎದೆನೋವು, ಡಾಕ್ಟರು ಹೇಳಿದ್ದಾರೆ, ನಡೆಯುತ್ತೇನೆ ಎಂದು ನೆಟ್ಟಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಬಹುದಿತ್ತು, ಆ ಬಾಯಿ ಅಂಬ್ರೋಜುವಿನದಲ್ಲದೆ ಇನ್ನೊಬ್ಬನದಾಗಿದ್ದರೆ. ಕೆಲವು ವರ್ಷಗಳ ಕೆಳಗೆ ನಮ್ಮೂರಿನ ಶಾಲೆಯ ಮೇಷ್ಟ್ರು ಸಕ್ಕರೆ ಕಾಯಿಲೆಗೆಂದು ಸಂಜೆ ಊರಿನ ಸುತ್ತ ನಡೆಯಲು ಶುರುಮಾಡಿದಾಗ ಅವರಿಗೆ 'ಗಡಿಯಾರದ ಮುಳ್ಳು' ಎಂದು ಹೆಸರಿಟ್ಟವನು ಇವನೇ. ಎಷ್ಟು ಸುತ್ತಿದರೂ ಹೊರಟಲ್ಲಿಗೇ ಬಂದು ನಿಲ್ಲುತ್ತೆ ನೋಡಿ ಎಂದು ವಿವರಿಸಿದವನೂ ಇವನೇ. ಮೇಷ್ಟ್ರು ಬರುವಾಗ ಇಡೀ ಕಟ್ಟೆ ನಾಲಿಗೆಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಆ ಪುಣ್ಯಾತ್ಮ ನಡಿಗೆ ಬಿಟ್ಟರು, ಆಮೇಲೆ ಊರನ್ನೇ ಬಿಟ್ಟರು. ಈಗ ಅದೇ ಕಟ್ಟೆಯ ಮುಂದೆ ಅದೇ ನಡಿಗೆ ನಡೆಯುವುದೆಂದರೆ ಅಂಬ್ರೋಜುವಿಗೆ ಎದೆ ನಿಲ್ಲುವುದಕ್ಕಿಂತ ಕಷ್ಟವಾಗಿ ಕಂಡಿತು. ಒಂದು ಕಡೆ ಜೀವ, ಇನ್ನೊಂದು ಕಡೆ ಮಾನ. ಎರಡರಲ್ಲಿ ಯಾವುದನ್ನು ಬಿಟ್ಟರೂ ಮತ್ತೆ ಸಿಗುವಂಥದ್ದಲ್ಲ.

ಎರಡು ದಿನ ಯೋಚಿಸಿ, ಮೂರನೆಯ ಬೆಳಿಗ್ಗೆ ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಿದ್ದ ಹಳೆಯ ಹಗ್ಗ ತೆಗೆದುಕೊಂಡು ಹೊರಬಿದ್ದ.

ಕಟ್ಟೆಯ ಮೇಲೆ ಓರ್ಸಾಂತು ಕೂತಿದ್ದ. ಇಬ್ಬರೂ ಬಾಲ್ಯದ ಗೆಳೆಯರು, ಅಂದರೆ ಒಬ್ಬನ ಗುಟ್ಟು ಇನ್ನೊಬ್ಬನಿಗೆ ಸಿಕ್ಕರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಬುರುಜಿನ ಕೊನೆಯ ಕಾವಲುಗಾರ ತನ್ನ ಮುತ್ತಾತನ ಮುತ್ತಾತ, ಕಡಲ್ಗಳ್ಳರ ಹಡಗು ಕಂಡೊಡನೆ ಬೆಂಕಿ ಹಾಕಿ ಇಡೀ ಕೇಪನ್ನೇ ಉಳಿಸಿದವನು ಎಂದು ಓರ್ಸಾಂತು ಹೇಳಿಕೊಳ್ಳುತ್ತಿದ್ದ. ಆ ಬುರುಜಿಗೆ ಅವನು ಒಮ್ಮೆಯೂ ಹೋದವನಲ್ಲ. ಅಂಬ್ರೋಜುವೂ ಹೋದವನಲ್ಲ. ಹಿತ್ತಲ ಗಿಡ ಮದ್ದಲ್ಲ.

"ಎಲ್ಲಿಗಯ್ಯಾ, ಕಾಲ್ನಡಿಗೇಲಿ?" ಎಂದ ಓರ್ಸಾಂತು.

"ಮೇಕೆ ಹುಡುಕೋಕೆ."

"ನಿಂಗೆಲ್ಲಿಂದ ಬಂತು ಮೇಕೆ?"

"ನಿನ್ನೆ ಗುಡ್ಡದಾಚೆ ಕುರುಬನ ಹತ್ರ ತಗೊಂಡೆ. ಕಾರಿಂದ ಇಳಿಸೋವಾಗ ಹಗ್ಗ ಕಿತ್ಕೊಂಡು ಓಡ್ತು. ಬುರುಜಿನ ಕಡೆ."

"ಕಾರಲ್ಲಿ ಮೇಕೆ ತಂದ್ಯಾ?"

"ಮತ್ತೆ ಹೆಗಲ ಮೇಲೆ ತರ್ಲಾ?"

ಇದಕ್ಕೆ ಎದುರಾಡುವಂತಿರಲಿಲ್ಲ. ಹೆಂಡತಿಯನ್ನು ಬಿಟ್ಟರೆ ಉಳಿದ ಎಲ್ಲವನ್ನೂ ಅಂಬ್ರೋಜು ಕಾರಿನಲ್ಲೇ ಸಾಗಿಸುತ್ತಾನೆಂಬುದು ಊರಿಗೇ ಗೊತ್ತಿತ್ತು. ದೇವೋತಾ ಮಾತ್ರ ನಡೆದೇ ಹೋಗುತ್ತಿದ್ದಳು, ಅವನ ಕಾರು ಓಡಿಸುವ ರೀತಿ ಅವಳಿಗೆ ಸೇರುತ್ತಿರಲಿಲ್ಲ.

ಮೊದಲ ದಿನ ಊರಾಚೆಯ ನೀರಿನ ಒರತೆ ದಾಟುವಷ್ಟರಲ್ಲಿ ಅಂಬ್ರೋಜು ಏದುಸಿರು ಬಿಡುತ್ತಿದ್ದ. ಒಂದು ಕಲ್ಲಿನ ಮೇಲೆ ಕೂತು, ಯಾರಾದರೂ ಕೇಳಿಸಿಕೊಳ್ಳಲಿ ಎಂದು ಒಂದೆರಡು ಸಲ ಮೇಕೆಯನ್ನು ಕರೆದು, ವಾಪಸ್ಸು ಬಂದ. ದೇವೋತಾ ಚೆಸ್ಟ್‌ನಟ್ ಹಿಟ್ಟಿನ ಗಂಜಿ ಕಲಕುತ್ತ, ತಲೆ ಎತ್ತದೆ ಕೇಳಿದಳು.

"ಸಿಕ್ತಾ?"

ಅವಳ ಕಿವಿಗೆ ಆಗಲೇ ಬಿದ್ದಿತ್ತು. "ಇಲ್ಲ," ಎಂದ. "ನಾಳೆ ನೋಡ್ತೀನಿ." ಪಾಪ, ಇವಳೂ ನಂಬಿಬಿಟ್ಟಳಲ್ಲ ಎಂದು ಅವನಿಗೆ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು.

ದಿನಾ ಸ್ವಲ್ಪ ಸ್ವಲ್ಪ ಮುಂದೆ ಹೋದ. ದಾರಿ ಒಮ್ಮೆ ಕಡಲಿನ ಮಟ್ಟಕ್ಕೇ ಇಳಿದು, ಮತ್ತೊಮ್ಮೆ ಕುರುಚಲು ಕಾಡಿನ ನಡುವೆ ಏರಿ, ಕಾಲು ಜಾರಿದರೆ ನೇರ ನೀರಿಗೇ ಬೀಳುವಂಥ ಕಡೆ ಬಂಡೆಗೆ ಅಂಟಿಕೊಂಡು ಸಾಗುತ್ತದೆ. ಕಳ್ಳಸಾಗಣೆಯವರ ದೋಣಿಗಳ ಮೇಲೆ ಕಣ್ಣಿಡಲು ಸುಂಕದವರು ಓಡಾಡಿದ ದಾರಿ ಅದು. ಸಂಬಳ ತೆಗೆದುಕೊಂಡು ನಡೆದವರು ಎಂದು ನಮ್ಮವರು ಅವರನ್ನು ಮಾತ್ರ ಕ್ಷಮಿಸಿದ್ದರು. ಎದುರಿಗೆ ಬಂದ ಪ್ರವಾಸಿಗಳು ನಕ್ಕು ನಮಸ್ಕಾರ ಹೇಳಿದರೆ ಅಂಬ್ರೋಜು ಹಗ್ಗ ಎತ್ತಿ ತೋರಿಸುತ್ತಿದ್ದ. ನಾನು ನಿಮ್ಮ ಜಾತಿಯವನಲ್ಲ ಎಂದು ಅದರ ಅರ್ಥ.

ಈಸ್ಟರ್ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಕೊನೆಗೂ ಬುರುಜು ಮುಟ್ಟಿದ. ಕಡಲಿನ ಕಡೆಯ ಗೋಡೆ ಅರ್ಧ ಕುಸಿದಿತ್ತು. ಬಾಗಿಲು ಆಳೆತ್ತರಕ್ಕಿಂತಲೂ ಮೇಲಿತ್ತು, ಏಣಿ ಇರಲಿಲ್ಲ. ಒಳಗಿದ್ದವರು ಏಣಿ ಮೇಲಕ್ಕೆಳೆದುಕೊಂಡರೆ ಮುಗಿಯಿತು, ಕಳ್ಳರಿರಲಿ, ಹೆಂಡತಿ ಕೂಡ ಹತ್ತಿ ಬರುವಂತಿರಲಿಲ್ಲ. ಅಂಬ್ರೋಜು ಬಿಸಿಲು ಕುಡಿದ ಗೋಡೆಗೆ ಬೆನ್ನು ಕೊಟ್ಟು ಕೂತ. ಎದುರಿಗೆ ಕಪ್ರಾಯಾ ದ್ವೀಪ ತೊಳೆದಿಟ್ಟ ಹಾಗೆ ನಿಂತಿತ್ತು, ಆಚೆಯ ಮೂಲೆಯಲ್ಲಿ ಇನ್ನೊಂದು ಬುರುಜು, ಅದರಾಚೆ ಮತ್ತೊಂದು. ತಿರುಗಿ ನೋಡಿದರೆ ಗುಡ್ಡದ ಮಡಿಲಲ್ಲಿ ಲೋರಿನಾ. ಹುಟ್ಟಿದ ಊರನ್ನು ಅವನು ಹೊರಗಿನಿಂದ ನಿಂತು ನೋಡಿದ್ದು ಅದೇ ಮೊದಲು. ಇಷ್ಟು ಚಿಕ್ಕದೇ, ಇಷ್ಟು ಚೆಂದವೇ ಎನಿಸಿತು. ಅಂಬ್ರೋಜುವಿಗೆ ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಅತ್ತ. ಬದುಕಬೇಕು ಎಂದು ಡಾಕ್ಟರಮ್ಮ ಹೇಳಿದ್ದಳು, ಬದುಕಬೇಕು ಎಂದು ಅವನಿಗೇ ಅನಿಸಿದ್ದು ಅಲ್ಲಿ.

ಮನೆಗೆ ಬಂದು ದೇವೋತಾಗೆ ಹೇಳಬೇಕೆಂದು ಬಾಯಿಯ ತನಕ ಬಂತು. ಆದರೆ ಮೇಕೆ ಹುಡುಕಲು ಹೋದವನು ಕಡಲು ಚೆನ್ನಾಗಿತ್ತು ಎನ್ನುವಂತಿಲ್ಲ.

"ಸಿಕ್ತಾ?"

"ಇಲ್ಲ. ಹೆಜ್ಜೆ ಗುರುತು ಕಂಡೆ."

"ಹಾಗಿದ್ರೆ ನಾಳೆ ಬೇಗ ಹೊರಡು," ಎಂದಳು ಅವಳು, ಗಂಭೀರವಾಗಿ.

ಇತ್ತ ಕಟ್ಟೆಯ ಮೇಲೆ ಓರ್ಸಾಂತುವಿಗೆ ಅನುಮಾನ ಶುರುವಾಗಿತ್ತು. ಇಷ್ಟು ದಿನ ಸಿಗದ ಮೇಕೆ ಎಂಥದ್ದು? ಒಂದು ದಿನ ಅಂಬ್ರೋಜು ಹೊರಟ ಮೇಲೆ, ಅವನ ಬಣ್ಣ ಬಯಲು ಮಾಡಿಯೇ ತೀರುತ್ತೇನೆಂದುಕೊಂಡು, ಯಾರಿಗೂ ಹೇಳದೆ, ತಾನೂ ಹಿಂದೆಯೇ ಹೊರಟ. ಅವನ ಸೊಂಟ ಮೊದಲೇ ನೆಟ್ಟಗಿರಲಿಲ್ಲ. ಬುರುಜು ಮುಟ್ಟುವ ಹೊತ್ತಿಗೆ ಮುಖ ಟೊಮೇಟೊ ಆಗಿತ್ತು. ಅಂಬ್ರೋಜು ಗೋಡೆಗೆ ಒರಗಿ, ಬೂಟು ಬಿಚ್ಚಿಟ್ಟು, ಒಣಗಿದ ಸಾಸೇಜನ್ನು ಚಾಕುವಿನಲ್ಲಿ ಹೆಚ್ಚಿಕೊಂಡು ತಿನ್ನುತ್ತಿದ್ದ. ಹಗ್ಗ ತಲೆಯ ಹಿಂದಿನ ದಿಂಬಾಗಿತ್ತು.

"ಸಿಕ್ಕಿಬಿದ್ಯಲ್ಲ," ಎಂದ ಓರ್ಸಾಂತು, ಉಸಿರು ಸಿಕ್ಕಿದ ಮೇಲೆ. "ಇದೇನಾ ನೀನು ಮೇಕೆ ಹುಡುಕೋದು?"

ಅಂಬ್ರೋಜುವಿಗೆ ಟಿಕ್ ಟಿಕ್ ಎನ್ನುವ ನಾಲಿಗೆಗಳು ಕಿವಿಯಲ್ಲಿ ಕೇಳಿಸಿದವು.

"ಕೂತ್ಕೋ, ದಣಿದಿದ್ದೀಯ," ಎಂದಷ್ಟೇ ಹೇಳಿ ಒಂದು ತುಂಡು ಸಾಸೇಜು ಚಾಚಿದ.

ಓರ್ಸಾಂತು ಕೂತ. ತಿಂದ. ತಲೆ ಎತ್ತಿ ಬುರುಜು ನೋಡಿದ, ಕಡಲು ನೋಡಿದ, ತಿರುಗಿ ಊರು ನೋಡಿದ.

"ನಮ್ಮಜ್ಜಂದಿರು ಇಲ್ಲೇ ಇದ್ದದ್ದು," ಎಂದ, ಯಾರೋ ಈಗಷ್ಟೇ ತಿಳಿಸಿದ ಸಂಗತಿಯೆನ್ನುವ ಹಾಗೆ.

"ಹೂಂ."

"ಆದ್ರೂ ಅಂಬ್ರೋಜು, ನಿಂಗೆ ಮೇಕೆ ಇಲ್ಲ."

"ಇಲ್ಲ ಅಂತಲೇ ಇಟ್ಕೋ. ಹೋಗಿ ಕಟ್ಟೇಲಿ ಹೇಳು. ನೀನು ಯಾಕೆ ಅಲ್ಲೀ ತನಕ ನಡ್ಕೊಂಡು ಹೋಗಿದ್ದೆ ಅಂತ ಕೇಳ್ತಾರೆ. ಇಲ್ಲದೆ ಇರೋ ಮೇಕೆ ನೋಡೋಕೆ ಹೋಗಿದ್ದೆ ಅನ್ನು."

ಓರ್ಸಾಂತು ಇದನ್ನು ಮೊದಲು ಯೋಚಿಸಿರಲಿಲ್ಲ. ಬುದ್ಧಿವಂತರ ತೊಂದರೆಯೇ ಇದು, ಹೋಗುವ ದಾರಿ ಲೆಕ್ಕ ಹಾಕುತ್ತಾರೆ, ವಾಪಸ್ಸಿನದ್ದು ಮರೆಯುತ್ತಾರೆ. ಕೊನೆಗೆ ಎದ್ದು ಬಟ್ಟೆ ಕೊಡವಿಕೊಂಡ.

"ಕಪ್ಪು ಬಣ್ಣ ಅಲ್ವಾ ಅದು?" ಎಂದ.

"ಕಪ್ಪು. ಹಣೇಲಿ ಬಿಳಿ ಮಚ್ಚೆ."

"ಎಡಗಿವಿ ಹರಿದಿತ್ತು. ನಾನೇ ಕಂಡೆ. ಆ ಬಂಡೆ ಸಂದೀಲಿ ನುಗ್ಗಿತು."

"ಹಿಡಿಯೋಕೆ ಹೋಗಿದ್ಯಾ?"

"ಹೋಗಿದ್ದೆ. ಸೊಂಟ ಇಲ್ದಿದ್ರೆ ಹಿಡಿದೇಬಿಡ್ತಿದ್ದೆ."

ಹೀಗೆ, ಸುಳ್ಳನ್ನು ಬಯಲು ಮಾಡಲು ಹೋದವನು ಅದಕ್ಕೆ ಸಾಕ್ಷಿಯಾಗಿ ಮರಳಿದ. ಕಟ್ಟೆಯ ಮುಂದೆ ನಿಂತು ಅವನು ವರ್ಣಿಸಿದ ರೀತಿಗೆ ಅಂಬ್ರೋಜುವಿಗೇ ಒಂದು ಗಳಿಗೆ ತನ್ನ ಮೇಕೆಯ ಚಿಂತೆ ಹತ್ತಿತು. ಮರುದಿನದಿಂದ ಓರ್ಸಾಂತುವೂ ಜೊತೆಗೆ ಹೊರಟ. ಒಬ್ಬನಿಂದಾಗದ ಕೆಲಸ ಅದು ಎಂದು ಅವನೇ ತೀರ್ಪು ಕೊಟ್ಟಿದ್ದ. ಇಬ್ಬರೂ ಬುರುಜಿನ ಬುಡದಲ್ಲಿ ಕೂತು ಸಾಸೇಜು ಹಂಚಿಕೊಳ್ಳುತ್ತಿದ್ದರು, ಕಡಲು ನೋಡುತ್ತಿದ್ದರು. ಮೇಕೆಯ ವಿಷಯ ತಮ್ಮೊಳಗೆ ಎತ್ತುತ್ತಿರಲಿಲ್ಲ. ಗೌರವಸ್ಥರು.

ಇಲ್ಲದ ಮೇಕೆ ಬೇಸಿಗೆಯ ಹೊತ್ತಿಗೆ ಊರಲ್ಲಿ ಚೆನ್ನಾಗಿ ಮೇಯತೊಡಗಿತು. ಯಾರದೋ ದ್ರಾಕ್ಷಿಯ ಚಿಗುರು ತಿಂದಿತು. ಒಬ್ಬ ವಿಧವೆಯ ಗಂಡನ ಗೋರಿಯ ಮೇಲಿಟ್ಟ ಹೂವು ಮುಕ್ಕಿತು. ಅಂಬ್ರೋಜು ಟೊಪ್ಪಿ ಕೈಯಲ್ಲಿ ಹಿಡಿದು ಆಕೆಯ ಕ್ಷಮೆ ಕೇಳಿ ಬಂದ, ಆಕೆ ಪಾಪ ಮೂಕಪ್ರಾಣಿ ಎಂದು ಕ್ಷಮಿಸಿದಳು. ಬ್ರೆಡ್ಡಿನ ಗಾಡಿಯ ಹತ್ತಿರ ಹೆಂಗಸರು ದೇವೋತಾಳನ್ನು ಕೇಳುತ್ತಿದ್ದರು.

"ನಿಮ್ಮ ಮೇಕೆ ಸಿಕ್ತೇನೇ?"

"ಎಲ್ಲಿ? ಬಹಳ ಚುರುಕು ಅದು," ಎನ್ನುತ್ತಿದ್ದಳು ದೇವೋತಾ.

ಅಂಬ್ರೋಜುವಿನ ಹೊಟ್ಟೆ ಇಳಿದಿತ್ತು. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದ. ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿ, ಏನು ಮಾಡಿದಿರಿ ಎಂದು ಬೆರಗಾದಳು. ಹೀಗೇ ಬಿಡದೆ ಮುಂದುವರಿಸಿ, ನಿಲ್ಲಿಸಿದರೆ ಮತ್ತೆ ಮೊದಲಿನಲ್ಲಿಗೇ ಎಂದಳು.

ಅದೇ ವಾರ ಅನಾಹುತವಾಯಿತು. ಬೇಟೆಗಾರ ಪೆಟ್ರೂಚು, ಊರಿಗೆಲ್ಲ ಬೇಕಾದ ಒಳ್ಳೆಯ ಮನುಷ್ಯ, ಗುಡ್ಡದಲ್ಲಿ ಯಾರಿಗೂ ಸೇರದೆ ಅಲೆಯುತ್ತಿದ್ದ ಒಂದು ಮೇಕೆಯನ್ನು ನಾಯಿಗಳ ಸಹಾಯದಿಂದ ಹಿಡಿದು, ಭಾನುವಾರದ ಪೂಜೆ ಮುಗಿದು ಜನ ಹೊರಬರುವ ಹೊತ್ತಿಗೆ ಸರಿಯಾಗಿ ಕಟ್ಟೆಯ ಮುಂದೆ ತಂದು ನಿಲ್ಲಿಸಿದ.

"ತಗೊಳ್ಳಿ ಅಂಬ್ರೋಜು ಮಾಮ. ನಿಮ್ ಸಂಕಟ ನೋಡೋಕಾಗ್ಲಿಲ್ಲ ನಂಗೆ."

ಮೇಕೆ ಕಪ್ಪಗಿತ್ತು. ಹಣೆಯಲ್ಲಿ ಬಿಳಿಯೂ ಇತ್ತು. ಅಂಬ್ರೋಜು ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಅದರ ಕಿವಿ ಹಿಡಿದ.

"ಕಿವಿ ಹರಿದಿಲ್ಲ," ಎಂದ. "ಇದು ನಂದಲ್ಲ."

"ಮಾಯ್ದಿರುತ್ತೆ ಮಾಮ," ಎಂದ ಪೆಟ್ರೂಚು. "ಕಡಲ ಗಾಳಿಗೆ ಗಾಯ ಬೇಗ ಒಣಗುತ್ತೆ."

ಹೌದೌದು, ಒಣಗುತ್ತೆ ಎಂದು ಎಲ್ಲರೂ ತಲೆಯಾಡಿಸಿದರು. ಆಮೇಲೆ ಎಲ್ಲರ ಕಣ್ಣೂ ಪ್ರತ್ಯಕ್ಷ ಕಂಡಿದ್ದ ಸಾಕ್ಷಿಯ ಕಡೆ ತಿರುಗಿದವು. ಓರ್ಸಾಂತು ಮೇಕೆಯನ್ನು ನೋಡಿದ, ಅಂಬ್ರೋಜುವನ್ನು ನೋಡಿದ, ಕಟ್ಟೆಯನ್ನು ನೋಡಿದ. ಅಲ್ಲ ಎಂದರೆ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತಿತ್ತು.

"ಇದೇ," ಎಂದ ಸತ್ತ ದನಿಯಲ್ಲಿ.

ಅಂಬ್ರೋಜುವಿನ ಕಣ್ಣಲ್ಲಿ ನೀರು ತುಂಬಿತು. ಎಷ್ಟು ಪ್ರೀತಿ ನೋಡಿ ಎಂದು ಹೆಂಗಸರು ಸೆರಗಿಲ್ಲದ್ದಕ್ಕೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಬಾರಿನಲ್ಲಿ ಅವನ ಹೆಸರಿನಲ್ಲಿ ಎಲ್ಲರೂ ಸೋಂಪಿನ ಮದ್ಯ ಪಾಸ್ತಿಸ್ ಕುಡಿದರು.

ಮೇಕೆ ಅಂಗಳದ ಅಂಜೂರದ ಮರಕ್ಕೆ ಕಟ್ಟಿಸಿಕೊಂಡು ನಿಂತಿತು. ಅಂಬ್ರೋಜು ಮತ್ತೆ ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿ ಓರ್ಸಾಂತು. ಇಬ್ಬರೂ ಮೂಲೆಯಲ್ಲಿ ಕಾಣುವ ಬುರುಜಿನ ಕಡೆ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ತಿಂಗಳು ತುಂಬುವುದರೊಳಗೆ ಅಂಬ್ರೋಜುವಿನ ಎದೆ ಮತ್ತೆ ಭಾರವಾಯಿತು. ಮೆಟ್ಟಿಲ ನಡುವೆ ನಿಂತು ನಿಂತು ಹತ್ತುವುದು ಅಡುಗೆಮನೆಗೆ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ, ಆದದ್ದಾಗಲಿ ಎಂದು ಬೂಟು ಬಿಗಿದುಕೊಂಡು ಬರಿಗೈಯಲ್ಲೇ ಹೊರಟ. ಜೀವ ದೊಡ್ಡದು, ನಾಲಿಗೆಗಳು ಆಡಿಕೊಳ್ಳಲಿ ಎಂದು ಗಟ್ಟಿ ಮನಸ್ಸು ಮಾಡಿದ್ದ.

"ಎಲ್ಲಿಗೆ?" ಎಂದು ಕಟ್ಟೆ ಕೇಳಿತು.

ಅಂಬ್ರೋಜು ನಿಂತ. ಓರ್ಸಾಂತು ಆಸೆಗಣ್ಣಿನಿಂದ ಅವನನ್ನೇ ನೋಡುತ್ತಿದ್ದ, ನೀನು ಹೇಳಿದರೆ ನಾನೂ ಎದ್ದು ಬಂದೇನು ಎನ್ನುವ ಹಾಗೆ.

"ಬ್ರೆಡ್ಡಿಗೆ," ಎಂದ ಅಂಬ್ರೋಜು. ಗಾಡಿ ಪಕ್ಕದಲ್ಲೇ ನಿಂತಿತ್ತು. ಬ್ರೆಡ್ಡು ಕೊಂಡು ಮನೆಗೆ ಹೋದರೆ ಮೇಜಿನ ಮೇಲೆ ಆ ದಿನದ ಬ್ರೆಡ್ಡು ಆಗಲೇ ಇತ್ತು. ದೇವೋತಾ ಎರಡನ್ನೂ ಜೋಡಿಸಿಟ್ಟು ಅವನ ಬೂಟಿನ ಕಡೆ ಒಮ್ಮೆ ನೋಡಿದಳು. ಏನೂ ಅನ್ನಲಿಲ್ಲ.

ಮರುದಿನ ಎದ್ದು ನೋಡಿದರೆ ಅಂಜೂರದ ಮರದಡಿ ಬರೀ ಹಿಕ್ಕೆ ಬಿದ್ದಿತ್ತು. ದೇವೋತಾ ಹೊಸ್ತಿಲ ಮೇಲೆ ಕೂತು ಬೀನ್ಸ್ ಬಿಡಿಸುತ್ತಿದ್ದಳು.

"ಮೇಕೆ ಇಲ್ಲ," ಎಂದ ಅಂಬ್ರೋಜು.

"ಗೊತ್ತು."

"ಗಂಟು ಬಿಗಿಯಾಗೇ ಹಾಕಿದ್ದೆನಲ್ಲ."

"ಹೌದು. ಬಿಚ್ಚೋಷ್ಟರಲ್ಲಿ ನನ್ನ ಉಗುರೇ ಮುರೀತು."

ದೇವೋತಾ ಪಕ್ಕದಲ್ಲಿ ಸುತ್ತಿಟ್ಟಿದ್ದ ಹಗ್ಗವನ್ನು ಅವನ ಕಡೆ ತಳ್ಳಿದಳು.

"ಒರತೆ ದಾಟೋ ತನಕ ಅಟ್ಟಿ ಬಂದಿದ್ದೀನಿ. ಹೋಗಿ ಹುಡುಕು."

"ನಿಂಗೆ... ಯಾವಾಗಿಂದ ಗೊತ್ತು?"

"ನೀನು ಮೇಕೆ ತರೋ ಪೈಕೀನಾ? ಬ್ರೆಡ್ಡಿಗೆ ಕಾರಲ್ಲಿ ಹೋಗೋನು." ಕಾಳುಗಳನ್ನು ಬಟ್ಟಲಿಗೆ ಸುರಿದಳು. "ರಾತ್ರಿ ಎಲ್ಲಾ ನಿನ್ನ ಉಸಿರು ಕೇಳಿಸ್ಕೊಂಡು ಮಲಗ್ತೀನಿ ಕಣೋ. ನಿಂತುಹೋಯ್ತೇನೋ ಅಂತ ಎಷ್ಟು ಸಲ ಎದ್ದು ಕೂತಿದ್ದೀನಿ. ನಿನ್ನ ಮಾನ ನೀನು ನೋಡ್ಕೋ, ನಂಗೆ ನೀನು ಬೇಕು."

ಅಂಬ್ರೋಜು ಹಗ್ಗ ಹೆಗಲಿಗೆ ಹಾಕಿಕೊಂಡ. ಬಾಗಿಲ ತನಕ ಹೋಗಿ ನಿಂತ.

"ನೀನೂ ಬಾ," ಎಂದ. "ಬಹಳ ಚೆನ್ನಾಗಿದೆ ಅಲ್ಲಿ."

"ಬೀನ್ಸ್ ಯಾರು ಬಿಡಿಸ್ತಾರೆ?" ಎನ್ನುತ್ತಲೇ ದೇವೋತಾ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಳು.

ಕಟ್ಟೆಯ ಮೇಲಿದ್ದವರೆಲ್ಲ ಇವರಿಬ್ಬರನ್ನೂ ನೋಡಿ ಕತ್ತು ಹೊರಳಿಸಿದರು.

"ಮತ್ತೆ ತಪ್ಪಿಸ್ಕೊಂತಾ?" ಎಂದ ಓರ್ಸಾಂತು. ಅವನ ಮುಖದ ಸಂತೋಷ ನೋಡುವಂತಿತ್ತು. "ನಡೀರಿ, ನಾನು ಕೋಲು ತಗೊಂಡು ಹಿಂದೆಯೇ ಬಂದೆ."

"ನಿಧಾನಕ್ಕೆ ಬಾರಪ್ಪ," ಎಂದಳು ದೇವೋತಾ. "ಅದು ಬೇಗ ಸಿಗೋ ಥರ ಇಲ್ಲ."

ಒರತೆ ದಾಟಿದರು. ಕಡಲು ಕಣ್ಣಿಗೆ ಬೀಳುವ ಮೊದಲ ತಿರುವಿನಲ್ಲಿ, ದಾರಿಯ ಮಗ್ಗುಲಲ್ಲೇ, ಹಣೆಯಲ್ಲಿ ಬಿಳಿ ಮಚ್ಚೆಯ ಕಪ್ಪು ಮೇಕೆ ಪೊದೆಗೆ ಮುಂಗಾಲು ಕೊಟ್ಟು ನಿಶ್ಚಿಂತೆಯಾಗಿ ಎಲೆ ಕೀಳುತ್ತಿತ್ತು. ಕೊರಳಲ್ಲಿ ಅಂಬ್ರೋಜು ಕಟ್ಟಿದ್ದ ಕೊರಳಹುರಿ ಇನ್ನೂ ತೂಗುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಂಬ್ರೋಜು ಗಕ್ಕನೆ ನಿಂತು ಹೆಂಡತಿಯ ಮುಖ ನೋಡಿದ.

ದೇವೋತಾ ಮೇಕೆಯನ್ನು ಕಾಲಿನಿಂದ ಕೊಂಬಿನ ತನಕ ಸಾವಧಾನವಾಗಿ ನೋಡಿದಳು.

"ಇದು ನಮ್ಮದಲ್ಲ," ಎಂದು ಅವನ ತೋಳು ಹಿಡಿದಳು. "ನಡಿ, ಇನ್ನೂ ಮುಂದೆ ಹೋಗಿ ನೋಡೋಣ."